ಹದಿಹರೆಯಕ್ಕೂ ಬಿ.ಪಿ. ಇದೆ

ಬಿ.ಪಿ. ಎಂದರೆ ಮುದುಕರ ಕಾಯಿಲೆ ಎಂಬ ನಂಬಿಕೆ ನಮ್ಮ ಗುಂಡಗುರ್ತಿಯಂಥ ಊರುಗಳಲ್ಲಿ ಇನ್ನೂ ಹೋಗಿಲ್ಲ. 2016ರಿಂದ 2018ರವರೆಗೆ ದೇಶದಾದ್ಯಂತ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ 10ರಿಂದ 19 ವರ್ಷದವರ ಪೈಕಿ ನೂರಕ್ಕೆ ಸುಮಾರು ಐವರಿಗೆ ಅಧಿಕ ರಕ್ತದೊತ್ತಡ ಕಂಡುಬಂತು. 60 ಮಕ್ಕಳಿರುವ ತರಗತಿಯಾದರೆ ಮೂವರು. ಮುಖ ನೋಡಿ ಅವರನ್ನು ಗುರುತಿಸಲಾಗದು. ಹೆಚ್ಚಿನವರಿಗೆ ತಲೆನೋವೂ ಇರುವುದಿಲ್ಲ. ಆದರೆ ಹೃದಯ, ಮೂತ್ರಪಿಂಡಗಳಿಗೆ ಒಳಗೊಳಗೇ ಪೆಟ್ಟು ಬೀಳುತ್ತಿರುತ್ತದೆ.

ಅಳೆಯಿಸುವುದೊಂದೇ ದಾರಿ. 13 ದಾಟಿದವರಲ್ಲಿ 120/80ಕ್ಕಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ. 130/80 ಅಥವಾ ಹೆಚ್ಚು ಬಂದರೆ ಗಾಬರಿ ಬೇಡ, ಬೇರೆ ಬೇರೆ ದಿನ ಮೂರು ಸಲ ನೋಡಿಸಿ. ಓಡಿ ಬಂದ ಹುಡುಗನನ್ನು ಐದು ನಿಮಿಷ ಕೂರಿಸಿದ ಮೇಲೆಯೇ ತೋಳಿಗೆ ಪಟ್ಟಿ ಕಟ್ಟಬೇಕು.

ಇನ್ನು ಅಡುಗೆ ಮನೆ. ನಮ್ಮ ಜೋಳದ ರೊಟ್ಟಿಗೆ ಉಪ್ಪೇ ಬೇಕಿಲ್ಲ. ಉಪ್ಪು ಇರುವುದು ಪಕ್ಕದ ಹಿಂಡಿ, ಉಪ್ಪಿನಕಾಯಿ, ಹಪ್ಪಳಗಳಲ್ಲಿ, ಮಕ್ಕಳು ಅಂಗಡಿಯಿಂದ ತರುವ ಚಿಪ್ಸ್ ಪೊಟ್ಟಣದಲ್ಲಿ. ದೊಡ್ಡವರಿಗೇ ದಿನಕ್ಕೆ ಒಂದು ಚಹಾ ಚಮಚ, ಅಂದರೆ 5 ಗ್ರಾಮಿಗಿಂತ ಕಡಿಮೆ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಸಹೋದರಿಯರೇ, ನನಗೆ ಹೆಚ್ಚು ಹೇಳಬೇಕಿರುವುದು ನಮ್ಮ ಹೆಣ್ಣುಮಕ್ಕಳ ಬಗ್ಗೆ. ಏಳನೇ ತರಗತಿಯವರೆಗೆ ಖೋ ಖೋ ಆಡಿದವಳು ಎಂಟಕ್ಕೆ ಬಂದೊಡನೆ ಮೂಲೆಯಲ್ಲಿ ಕೂರುತ್ತಾಳೆ. ಸರಕಾರ ಎಂಟನೆಯವರಿಗೆ ಸೈಕಲ್ ಕೊಡುತ್ತಿದ್ದ ವರ್ಷಗಳಲ್ಲಿ ಅಕ್ಕನ ಸೈಕಲನ್ನು ತಮ್ಮ ತುಳಿಯುತ್ತಿದ್ದುದನ್ನು ನಾನು ಕಂಡಿದ್ದೇನೆ. ಈ ವಯಸ್ಸಿನವರಿಗೆ ದಿನಕ್ಕೆ 60 ನಿಮಿಷ ಉಸಿರು ಏರುವಂಥ ಚಟುವಟಿಕೆ ಬೇಕು. 2016ರ ಅಂಕಿಅಂಶದಂತೆ ಜಗತ್ತಿನ ಹುಡುಗಿಯರಲ್ಲಿ ನೂರಕ್ಕೆ 85 ಮಂದಿಗೆ ಅಷ್ಟು ಸಿಗುತ್ತಿರಲಿಲ್ಲ. ಹುಡುಗರಲ್ಲಿ 78. ಅವರೂ ಮೊಬೈಲ್ ಹಿಡಿದು ಕೂತವರೇ.

ಪರ್ದಾದ ನೆಪ ಹೇಳಬೇಡಿ. ಪ್ರವಾದಿ(ಸ)ರು ಹಝ್ರತ್ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಆಡಿದ್ದು ಹದೀಸಿನಲ್ಲಿದೆ. ನಮಾಝೇ ವ್ಯಾಯಾಮವಲ್ಲವೇ ಎನ್ನುವವರಿದ್ದಾರೆ. ನಮಾಝ್ ಇಬಾದತ್, ಅದನ್ನು ಕಸರತ್ತಿನ ಲೆಕ್ಕಕ್ಕೆ ಸೇರಿಸುವುದು ನನಗಂತೂ ಸರಿಕಾಣದು. ನಮ್ಮ ಕಡೆ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಆದ್ದರಿಂದ ಫಜ್ರ್ ಆದೊಡನೆ ತಾಯಿ-ಮಗಳು ಹೊಲದ ದಾರಿಯಲ್ಲಿ ಬಿರುಸಾಗಿ ನಡೆಯಬಹುದು. ಸಂಜೆ ಅಂಗಳದಲ್ಲಿ ಹಗ್ಗ ಜಿಗಿಯಲು ಗೋಡೆಯ ಮರೆ ಸಾಕು.

ಶಾಲೆಗೆ ಆರೋಗ್ಯ ತಪಾಸಣೆಯವರು ಬಂದ ದಿನ ಮಕ್ಕಳನ್ನು ತಪ್ಪಿಸಬೇಡಿ. ಮನೆಯಲ್ಲಿ ತಂದೆಗೋ ತಾಯಿಗೋ ಬಿ.ಪಿ. ಇದ್ದರೆ ಅದನ್ನು ವೈದ್ಯರಿಗೆ ಮೊದಲೇ ತಿಳಿಸಿ.