ಹ್ಯಾಮ್ ರೇಡಿಯೋ, ಭಾಗ 3: ಬಾಯಿ ಸಾಕು, ಕಿವಿ ನೋಡಿ

"ರಿಪೀಟರ್‌ನ 50 ವಾಟ್ ಮಾಡೋಣ" ಅಂತ ಕುಣಿಯೋರೇ, ಒಂದ್ನಿಮಿಷ. ನಿಮ್ಮ ಕೈಲಿರೋ ಸೆಟ್ಟು 5 ವಾಟ್. ಹಾಗಲವಾಡಿ ಕಡೆ ಗುಡ್ಡದ ಮರೆಯಿಂದ ನೀವು ಮಾತಾಡಿದ್ದು ರಿಪೀಟರ್‌ಗೆ ಕೇಳಿಸ್ಲೇ ಇಲ್ಲ ಅಂದ್ರೆ, 50 ವಾಟಲ್ಲಿ ಅದು ಯಾರ ಮಾತು ದಾಟಿಸುತ್ತೆ?

ನಮ್ಮ 2 ಮೀಟರ್ ಬ್ಯಾಂಡು 144ರಿಂದ 146 ಮೆಗಾಹರ್ಟ್ಸ್, ಅಷ್ಟೇ ಜಾಗ. ಅದ್ರಲ್ಲಿ ರಿಪೀಟರ್ ಕೇಳೋ ಫ್ರೀಕ್ವೆನ್ಸಿಗೂ ಹೇಳೋ ಫ್ರೀಕ್ವೆನ್ಸಿಗೂ ಅಂತರ ಬರೀ 600 ಕಿಲೋಹರ್ಟ್ಸ್. ಎರಡೂ ಕೆಲಸ ಒಟ್ಟೊಟ್ಟಿಗೆ, ಒಂದೇ ಆಂಟೆನಾದಲ್ಲಿ. ತನ್ನ ಕಿರುಚಾಟಕ್ಕೆ ತಾನೇ ಕಿವುಡಾಗುತ್ತೆ. ತಡೆಯೋದು ಡುಪ್ಲೆಕ್ಸರ್: ಸಾಲಾಗಿ ನಿಂತ ಲೋಹದ ಡಬ್ಬಿಗಳು, ಒಳಗಿನ ರಾಡನ್ನ ಕೂದಲೆಳೆಯಷ್ಟು ಸರಿಸ್ತಾ ಟ್ಯೂನ್ ಮಾಡ್ಬೇಕು. ತಾಳ್ಮೆ ಬೇಕು. ಇದರ ರೀಲ್ಸ್ ಯಾರೂ ಹಾಕಲ್ಲ ಬಿಡಿ.

ಬಿಕಾಂನವರ ಲೆಕ್ಕ ಕೇಳಿ: ವಾಟ್ ದುಪ್ಪಟ್ಟಾದ್ರೆ ಸಿಗೋದು 3 ಡೆಸಿಬಲ್, ಅದೂ ಹೇಳೋ ಕಡೆ ಮಾತ್ರ. ಚಂದಾ ಎತ್ತೋದಾದ್ರೆ ಮೊದಲು ಡುಪ್ಲೆಕ್ಸರ್‌ಗೆ ಎತ್ತಿ.