ಕಾಲಿನಿಂದ ಜಾರಿದ ಚಪ್ಪಲಿ: ಉದ್ಯಮಿಗಳು ಗಮನಿಸಬೇಕಾದ ಸೂಚನೆ

ನಿಪ್ಪಾಣಿಯಲ್ಲಿ ಬೀಡಿ ಸುತ್ತುವ ಬೆರಳು, ಅಥಣಿಯಲ್ಲಿ ಚಪ್ಪಲಿ ಹೊಲಿಯುವ ಕೈ, ಚಿಕ್ಕೋಡಿ, ರಾಯಬಾಗ ಹಾಗೂ ಕಾಗವಾಡ ತಾಲೂಕುಗಳ ಕಬ್ಬಿನ ಹೊಲದಲ್ಲಿ ನಡೆಯುವ ಕಾಲು – ಈ ಭಾಗದ ವ್ಯಾಪಾರೋದ್ಯಮವು ಬಹುಮಟ್ಟಿಗೆ ಇವುಗಳ ಮೇಲೆಯೇ ನಿಂತಿದೆ. ಯಂತ್ರಕ್ಕೆ ವಿಮೆಯುಂಟು, ಗೋದಾಮಿನ ಸರಕಿಗೂ ವಿಮೆಯುಂಟು. ಬೆರಳ ತುದಿಯ ಮತ್ತು ಅಂಗಾಲಿನ ಸ್ಪರ್ಶಜ್ಞಾನಕ್ಕೆ ಮಾತ್ರ ಯಾವ ಖಾತೆಪುಸ್ತಕದಲ್ಲಿಯೂ ಬೆಲೆ ಕಟ್ಟಿಲ್ಲ. ಕ್ಯಾನ್ಸರ್ ಚಿಕಿತ್ಸೆ ಪಡೆದು ಮನೆಗೆ ಮರಳುವ ಅನೇಕರು ಕಳೆದುಕೊಳ್ಳುವುದು ಇದನ್ನೇ.

ಕಿಮೋಥೆರಪಿಯಲ್ಲಿ ಬಳಸುವ ಪ್ಯಾಕ್ಲಿಟ್ಯಾಕ್ಸೆಲ್, ಸಿಸ್‌ಪ್ಲಾಟಿನ್, ಆಕ್ಸಾಲಿಪ್ಲಾಟಿನ್, ವಿನ್‌ಕ್ರಿಸ್ಟಿನ್ ಮೊದಲಾದ ಔಷಧಗಳು ಕ್ಯಾನ್ಸರ್ ಕೋಶಗಳನ್ನು ನಾಶಪಡಿಸುವುದರ ಜೊತೆಗೆ ನರಗಳನ್ನೂ ಘಾಸಿಗೊಳಿಸಬಲ್ಲವು. ದೇಹದ ಅತ್ಯಂತ ಉದ್ದವಾದ ನರಗಳಿಗೆ ಮೊದಲು ಪೆಟ್ಟು ತಗಲುವುದರಿಂದ ಜೋಮು, ಉರಿ, ಮರಗಟ್ಟುವಿಕೆಗಳು ಕಾಲ್ಬೆರಳಿನಿಂದ ಆರಂಭವಾಗಿ ಕೈಬೆರಳಿಗೂ ಹರಡುತ್ತವೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಚಿಕಿತ್ಸೆ ಮುಗಿದ ಮೊದಲ ತಿಂಗಳಲ್ಲಿ ಶೇ. 68ರಷ್ಟು ರೋಗಿಗಳಲ್ಲಿ, ಆರು ತಿಂಗಳ ಅನಂತರವೂ ಶೇ. 30ರಷ್ಟು ರೋಗಿಗಳಲ್ಲಿ ಈ ತೊಂದರೆ ಕಂಡುಬಂದಿತ್ತು. ಸಿಸ್‌ಪ್ಲಾಟಿನ್ ವರ್ಗದ ಔಷಧಗಳಲ್ಲಂತೂ ಮದ್ದು ನಿಲ್ಲಿಸಿದ ಮೇಲೂ ಕೆಲವು ತಿಂಗಳು ಅದು ಹೆಚ್ಚುತ್ತಲೇ ಹೋಗುವುದುಂಟು.

ಇದರ ಪರಿಣಾಮವು ನಡಿಗೆಯಲ್ಲಿ ತೋರುತ್ತದೆ. ಕಾಲಿನಿಂದ ಚಪ್ಪಲಿ ಜಾರಿ ಹಿಂದೆ ಬಿದ್ದರೂ ವ್ಯಕ್ತಿಗೆ ಅರಿವಾಗುವುದಿಲ್ಲ. ಮಧುಮೇಹಿಗಳ ನರದೌರ್ಬಲ್ಯವನ್ನು ಗುರುತಿಸಲು ನಮ್ಮ ದೇಶದ ವೈದ್ಯರು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ನೆಲದ ಸ್ಪರ್ಶ ತಿಳಿಯದವನು ಕಣ್ಣಿನ ಆಧಾರದಿಂದ ನಡೆಯುತ್ತಾನೆ. ರಾತ್ರಿ ವಿದ್ಯುತ್ ಹೋದಾಗ, ಬಚ್ಚಲಿನಲ್ಲಿ ಕಣ್ಣು ಮುಚ್ಚಿ ಮುಖ ತೊಳೆಯುವಾಗ ಬೀಳುತ್ತಾನೆ. ಕ್ಯಾನ್ಸರಿನಿಂದ ಪಾರಾದ 512 ಮಹಿಳೆಯರನ್ನು ಕುರಿತು ಅಮೆರಿಕದಲ್ಲಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಚಿಕಿತ್ಸೆ ಮುಗಿದು ಸರಾಸರಿ ಆರು ವರ್ಷಗಳಾದರೂ ಶೇ. 47ರಷ್ಟು ಮಂದಿಗೆ ನರಬಾಧೆ ಉಳಿದಿತ್ತು. ಅಂಥವರು ಬೀಳುವ ಸಂಭವ ಉಳಿದವರಿಗಿಂತ 1.8 ಪಟ್ಟು ಅಧಿಕವಾಗಿತ್ತು. ಸಾವಿರ ಬೀಡಿಗೆ ಇಷ್ಟೆಂದು ಕೂಲಿ ಪಡೆಯುವ ಮಹಿಳೆಗೆ ಬೆರಳ ತುದಿ ಮರಗಟ್ಟಿದರೆ ಗಳಿಕೆಯೇ ಕುಸಿಯುತ್ತದೆ. ಆರಿಯ ಮೊನೆ ಚುಚ್ಚಿದರೂ ತಿಳಿಯದ ಚಪ್ಪಲಿ ಕುಶಲಕರ್ಮಿಯ ಪಾಡೂ ಇದಕ್ಕಿಂತ ಭಿನ್ನವಲ್ಲ.

ಈ ಬಾಧೆಯನ್ನು ತಡೆಯುವ ಔಷಧವಿಲ್ಲ. ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘವು 2020ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯು ತಡೆಗಾಗಿ ಯಾವ ಮದ್ದನ್ನೂ ಶಿಫಾರಸು ಮಾಡಿಲ್ಲ. ನೋವಿನ ಶಮನಕ್ಕೆ ಡುಲೋಕ್ಸೆಟಿನ್ ಒಂದನ್ನು ಮಾತ್ರ ಸೂಚಿಸಿದೆ. ವೈದ್ಯರ ಕೈಯಲ್ಲಿರುವ ಮುಖ್ಯ ಉಪಾಯವೆಂದರೆ ಸಕಾಲದಲ್ಲಿ ಪ್ರಮಾಣವನ್ನು ತಗ್ಗಿಸುವುದು, ಮುಂದೂಡುವುದು ಅಥವಾ ಔಷಧವನ್ನು ಬದಲಿಸುವುದು. ಅದಕ್ಕೆ ಸಕಾಲಿಕ ಮಾಹಿತಿ ಬೇಕು. ಈ ಭಾಗದ ರೋಗಿಗಳು ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರುಗಳಿಗೆ ಅಥವಾ ಗಡಿಯಾಚೆಯ ಮಿರಜ್, ಕೊಲ್ಹಾಪುರಗಳಿಗೆ ಹೋಗಿ ಮದ್ದು ಏರಿಸಿಕೊಂಡು ಊರಿಗೆ ಮರಳುತ್ತಾರೆ. ಮುಂದಿನ ಭೇಟಿಯವರೆಗೆ ಅವರು ಹೇಗೆ ನಡೆದರೆಂಬುದನ್ನು ವೈದ್ಯರು ಕಾಣರು. ಕೇಳಿದರೂ, ಚಿಕಿತ್ಸೆ ನಿಂತುಹೋದೀತೆಂಬ ಭಯದಿಂದ ಎಷ್ಟೋ ಮಂದಿ ಬಾಯಿ ಬಿಡುವುದಿಲ್ಲ.

ಈ ಕೊರತೆಯನ್ನು ತುಂಬಬಲ್ಲ ಸಾಧನವೆಂದರೆ ಮೈಮೇಲೆ ಧರಿಸುವ ಸಂವೇದಕ, ಅರ್ಥಾತ್ ಸೆನ್ಸರ್. ಬೆಂಕಿಪೊಟ್ಟಣದ ಗಾತ್ರದ ಈ ಉಪಕರಣವನ್ನು ಪಾದಕ್ಕೂ ಸೊಂಟಕ್ಕೂ ಕಟ್ಟಿಕೊಂಡರೆ, ಅದು ಚಲನೆಯ ವೇಗೋತ್ಕರ್ಷವನ್ನೂ ತಿರುವನ್ನೂ ಸೆಕೆಂಡಿಗೆ ಹತ್ತಾರು ಬಾರಿ ಅಳೆಯುತ್ತದೆ. ಹೆಜ್ಜೆಯ ಉದ್ದವೆಷ್ಟು, ಹೆಜ್ಜೆಯಿಂದ ಹೆಜ್ಜೆಗೆ ವ್ಯತ್ಯಾಸವೆಷ್ಟು, ಎರಡೂ ಪಾದಗಳು ನೆಲದ ಮೇಲಿರುವ ಅವಧಿ ಎಷ್ಟು, ಕಣ್ಣು ಮುಚ್ಚಿ ನಿಂತಾಗ ದೇಹ ಎಷ್ಟು ತೂಗಾಡುತ್ತದೆ ಎಂಬುದು ಅಂಕಿಗಳಲ್ಲಿ ದೊರೆಯುತ್ತದೆ. ಸಾಮಾನ್ಯ ಸ್ಮಾರ್ಟ್‌ಫೋನಿನಲ್ಲಿಯೂ ಇದೇ ಬಗೆಯ ಸಂವೇದಕವಿರುವುದರಿಂದ ಇದು ಕೈಗೆಟುಕದ ತಂತ್ರಜ್ಞಾನವೇನಲ್ಲ. ಚಿಕಿತ್ಸೆಗೆ ಮುನ್ನ ಒಮ್ಮೆ ಅಳೆದಿಟ್ಟು, ಪ್ರತಿ ಸುತ್ತಿನ ಅನಂತರ ಅದರೊಡನೆ ಹೋಲಿಸಿದರೆ ರೋಗಿಯು ಹೇಳದ ಬದಲಾವಣೆಯೂ ಬೆಳಕಿಗೆ ಬರಬಹುದು.

ಆದರೆ ಇದನ್ನು ಮಂತ್ರದಂಡವೆಂದು ಭಾವಿಸುವುದು ತಪ್ಪು. ಈವರೆಗಿನ ಹೆಚ್ಚಿನ ಅಧ್ಯಯನಗಳು ಸಣ್ಣ ಪ್ರಮಾಣದವು. ಯಾವ ಅಂಕಿಗೆ ಎಚ್ಚರಗೊಳ್ಳಬೇಕೆಂಬ ಸರ್ವಸಮ್ಮತ ಮಿತಿ ಇನ್ನೂ ನಿಗದಿಯಾಗಿಲ್ಲ. ಆಸ್ಪತ್ರೆಯ ನುಣುಪು ನೆಲದಲ್ಲಿ ಬೂಟು ತೊಟ್ಟವರ ನಡಿಗೆಯಿಂದ ರೂಪುಗೊಂಡ ಲೆಕ್ಕವು ಉಗಾರದ ಕಬ್ಬಿನ ಹೊಲದ ಬದುವಿನ ಮೇಲೆ ಚಪ್ಪಲಿಯಲ್ಲಿ ಅಥವಾ ಬರಿಗಾಲಲ್ಲಿ ನಡೆಯುವವರಿಗೆ ಹೊಂದುವುದೆಂದು ಹೇಳಲಾಗದು. ಆದ್ದರಿಂದ ಇಲ್ಲಿಯ ಜನರ ನಡಿಗೆಯನ್ನು ಇಲ್ಲಿಯೇ ಅಳೆಯಬೇಕು. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆ 2025ರ ಜನವರಿಯಲ್ಲಿ ಉದ್ಘಾಟನೆಗೊಂಡಿದೆ. ಅದೇ ನಗರದಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿದೆ. ಪಾದದ ಅಳತೆಯನ್ನು ಬಲ್ಲ ಕುಶಲಕರ್ಮಿಗಳು ಅಥಣಿ, ನಿಪ್ಪಾಣಿಗಳಲ್ಲಿದ್ದಾರೆ. 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕೊಲ್ಹಾಪುರಿ ಚಪ್ಪಲಿಯ ವ್ಯಾಪ್ತಿಯಲ್ಲಿ ಬೆಳಗಾವಿ ಜಿಲ್ಲೆಯೂ ಸೇರಿದೆ. ವೈದ್ಯ, ಇಂಜಿನಿಯರ್ ಹಾಗೂ ಚಪ್ಪಲಿ ತಯಾರಕ ಈ ಮೂವರನ್ನು ಒಂದೆಡೆ ಕೂಡಿಸುವ ಕಾರ್ಯವು ವಾಣಿಜ್ಯ ಸಂಸ್ಥೆಗಳಿಗೆ ಸಾಧ್ಯವಾದುದೇ ಆಗಿದೆ.

ಹಣದ ಪ್ರಶ್ನೆಗಿಂತ ವಿಶ್ವಾಸದ ಪ್ರಶ್ನೆ ದೊಡ್ಡದು. ತನ್ನ ನಡಿಗೆಯ ಅಂಕಿಗಳು ಮಾಲೀಕನ ಮೇಜಿಗೆ ಹೋಗುತ್ತವೆಂದು ತಿಳಿದರೆ ಯಾವ ಕಾರ್ಮಿಕನೂ ಸಂವೇದಕವನ್ನು ಕಟ್ಟಿಕೊಳ್ಳಲಾರನು. ಆ ಮಾಹಿತಿಯು ರೋಗಿ ಮತ್ತು ವೈದ್ಯರ ನಡುವೆಯೇ ಉಳಿಯಬೇಕು. ವೈಯಕ್ತಿಕ ಡಿಜಿಟಲ್ ಮಾಹಿತಿಯ ರಕ್ಷಣೆಗೆ ಸಂಸತ್ತು 2023ರಲ್ಲಿ ಕಾಯ್ದೆಯನ್ನೇ ರೂಪಿಸಿದೆ. ಕೆಲಸದಿಂದ ತೆಗೆಯಲು ನೆಪ ಹುಡುಕುವ ಯಂತ್ರವಾಗಿ ಇದು ಮಾರ್ಪಟ್ಟರೆ ಇಡೀ ಪ್ರಯತ್ನವೇ ವ್ಯರ್ಥ. ಮಾಲೀಕರು ಮಾಡಬೇಕಾದದ್ದು ಬೇರೆಯೇ ಇದೆ: ಚಿಕಿತ್ಸೆಯಿಂದ ಮರಳಿದವರಿಗೆ ಕುಳಿತು ಮಾಡುವ ಕೆಲಸ, ಮೆಟ್ಟಿಲಿಗೆ ಕೈಹಿಡಿ, ಶೌಚಾಲಯದ ದಾರಿಗೆ ದೀಪ, ಚೂಪಾದ ಹಾಗೂ ಬಿಸಿಯಾದ ಯಂತ್ರಭಾಗಗಳಿಂದ ದೂರ. ಇವು ಯಾವ ಸಂವೇದಕಕ್ಕೂ ಕಾಯಬೇಕಾಗಿಲ್ಲ.

ವೆಚ್ಚದ ಮಾರ್ಗವೂ ಮುಚ್ಚಿಲ್ಲ. 2013ರ ಕಂಪನಿ ಕಾಯ್ದೆಯನ್ವಯ ನಿವ್ವಳ ಲಾಭ 5 ಕೋಟಿ ರೂ. ಮುಟ್ಟಿದ ಕಂಪನಿಗಳು ತಮ್ಮ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವಿನಿಯೋಗಿಸಬೇಕು. ಆರೋಗ್ಯ ಕಾರ್ಯಗಳು ಅದರಲ್ಲಿ ಸೇರಿವೆ. ಚಿಕ್ಕ ವರ್ತಕರು ಒಟ್ಟುಗೂಡಿ ಹತ್ತಾರು ಸಂವೇದಕಗಳನ್ನು ಆಸ್ಪತ್ರೆಯ ಮೂಲಕ ಎರವಲು ನೀಡುವ ವ್ಯವಸ್ಥೆಯನ್ನು ಮಾಡಬಹುದು. ತಂಬಾಕಿನಿಂದ ಬೆಳೆದ ನಿಪ್ಪಾಣಿಯ ಮಾರುಕಟ್ಟೆಗೆ ಈ ವಿಷಯದಲ್ಲಿ ಉಳಿದವರಿಗಿಂತ ಒಂದು ತೂಕ ಹೆಚ್ಚಿನ ಹೊಣೆಯಿದೆ ಎಂದರೆ ಯಾರೂ ಬೇಸರಿಸಬಾರದು.

ಐದೂ ತಾಲೂಕುಗಳ ವರ್ತಕ ಸಂಘಗಳು ತಮ್ಮ ಮುಂದಿನ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳುವುದು ಯೋಗ್ಯ. ಅಲ್ಲಿಯವರೆಗೆ, ಚಿಕಿತ್ಸೆಯಲ್ಲಿರುವ ನೌಕರನಿಗೆ ಅಥವಾ ಮನೆಯವರಿಗೆ ಪ್ರತಿಯೊಬ್ಬರೂ ಒಂದು ಪ್ರಶ್ನೆಯನ್ನು ಕೇಳಬಹುದು: ನಡೆಯುವಾಗ ಚಪ್ಪಲಿ ತಿಳಿಯದಂತೆ ಜಾರುತ್ತಿದೆಯೇ? ಉತ್ತರ ಹೌದೆಂದಾದರೆ ಮುಂದಿನ ಸುತ್ತಿನ ಮದ್ದಿಗೆ ಮೊದಲೇ ಅದು ವೈದ್ಯರಿಗೆ ತಿಳಿಯಬೇಕು.