ಹೊಗೆ ತಪಾಸಣೆ ಬರಿಯ ಚೀಟಿಗಾಗಿ ಅಲ್ಲ



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ರಸ್ತೆಗಿಳಿಯುವ ನಮ್ಮ ತೋಟದ ಜೀಪುಗಳಿಗೂ, ಹೊಸದಾಗಿ ಒಂದು ವರ್ಷ ಕಳೆದ ಮೇಲೆ, ಹೊಗೆ ತಪಾಸಣೆಯ ಪ್ರಮಾಣಪತ್ರ ಬೇಕು. 2019ರ ತಿದ್ದುಪಡಿಯ ಬಳಿಕ ದಂಡ 10,000 ರೂಪಾಯಿಯ ತನಕ ಏರಬಹುದು. ಆದರೆ ದಂಡಕ್ಕೆ ಹೆದರಿ ಹೇಗಾದರೂ ಚೀಟಿ ಸಂಪಾದಿಸುವುದು ಜಾಣತನವಲ್ಲವೆಂಬುದು ನಮ್ಮ ಅಭಿಪ್ರಾಯ. ಕರಿಹೊಗೆಯೆಂದರೆ ಪೂರ್ತಿ ಉರಿಯದ ಡೀಸೆಲ್. ಅಡಿಕೆ ಮಾರಿದ ನಮ್ಮದೇ ಹಣ. ಅದನ್ನು ಉಸಿರಾಡುವವರು ನಮ್ಮ ಕೆಲಸದವರು, ಶಾಲೆಗೆ ನಡೆಯುವ ನಮ್ಮ ಮಕ್ಕಳು.

ಮಣ್ಣುರಸ್ತೆಯ ಧೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟುತ್ತದೆ. ಮೊದಲು ಅದನ್ನು ನೋಡಿ. ಹಳೆಯ ಆಯಿಲ್ ಬದಲಿಸಿ, ಇಂಜೆಕ್ಟರ್ ಪರೀಕ್ಷಿಸಿ. ಎಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ಓಡಿಸಿಯೇ ತಪಾಸಣೆಗೆ ನಿಲ್ಲಿಸಿ. ತಣ್ಣಗಿದ್ದರೆ ಹೊಗೆ ಹೆಚ್ಚು.

ಅಡಿಕೆಗೆ ಮದ್ದು ಬಿಡಲು ಕಾಲ ತಪ್ಪದ ನಾವು, ಜೀಪಿನ ಆರೈಕೆಗೆ ಏಕೆ ತಪ್ಪಬೇಕು?